ಹುಳುಕು ಹಲ್ಲಿಗೆ ನಾರಿನ ಆಸರೆ

ಹದಿಮೂರು ಸಾವಿರ ವರ್ಷಗಳ ಹಿಂದೆ ತುಂಬಿಸಿದ ಹಲ್ಲಿನಲ್ಲೂ ಗಿಡದ ನಾರಿತ್ತು. ನಡುವೆ ಮರೆಯಾದ ಆ ನಾರು ಈಗ ಪ್ರಯೋಗಾಲಯಗಳ ಮೂಲಕ ಹಲ್ಲಿನ ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತಿದೆ. ಒಳಗೆ ಕರೆಯುವ ಮುಂಚೆ ಕೇಳಬೇಕಾದ ಪ್ರಶ್ನೆಗಳೂ ಇವೆ.

ಇಟಲಿಯ ಟಸ್ಕನಿ ಪ್ರಾಂತ್ಯದ ಲುಕ್ಕಾ ಊರಿನ ಬಳಿ ರಿಪಾರೊ ಫ್ರೇಡಿಯನ್ ಎಂಬ ಕಲ್ಲಾಸರೆಯಿದೆ. ಹಿಮಯುಗ ಮುಗಿಯುತ್ತ ಬಂದ ಕಾಲದಲ್ಲಿ ಅಲ್ಲಿ ತಂಗಿದ್ದ ಬೇಟೆಗಾರರ ಪೈಕಿ ಒಬ್ಬರ ಮೇಲ್ದವಡೆಯ ಎರಡು ಮುಂಬಲ್ಲುಗಳು ಉಳಿದುಬಂದಿವೆ. ಎರಡರಲ್ಲೂ ದೊಡ್ಡ ತೂತು. ಅದು ಹಲ್ಲಿನ ನರದ ತನಕ ಇಳಿದಿದೆ. ಬೊಲೊನ್ಯಾ ವಿಶ್ವವಿದ್ಯಾಲಯದ ಸ್ಟೆಫಾನೊ ಬೆನಾಟ್ಸಿ ಮತ್ತು ಸಂಗಡಿಗರು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ತೂತಿನ ಒಳಗೋಡೆಯಲ್ಲಿ ಚೂಪುಗಲ್ಲಿನಿಂದ ಕೆರೆದ ಗೀರುಗಳು ಕಂಡವು. ಯಾರೋ ಹುಳುಕನ್ನು ಕೆರೆದು ತೆಗೆದಿದ್ದರು. ಕೆರೆದ ಜಾಗಕ್ಕೆ ಡಾಂಬರಿನಂಥ ಬಿಟುಮಿನ್ ಮೆತ್ತಿದ್ದರು. ಆ ಕಪ್ಪು ಅಂಟಿನೊಳಗೆ ಗಿಡದ ನಾರಿನ ಎಳೆಗಳು ಸಿಕ್ಕಿಕೊಂಡಿದ್ದವು. ಬಹುಶಃ ಕೂದಲೂ ಇತ್ತು. ಸುಮಾರು 13,000 ವರ್ಷ ಹಳೆಯದಾದ ಈ ಚಿಕಿತ್ಸೆಯ ವಿವರ ಪ್ರಕಟವಾದದ್ದು 2017ರಲ್ಲಿ.

ನಾರು ಸೇರಿಸಿದ್ದು ಯಾಕೆಂದು ಹೇಳಲು ಆ ವೈದ್ಯ ಉಳಿದಿಲ್ಲ. ಆದರೆ ಮಣ್ಣಿನ ಗೋಡೆ ಎಬ್ಬಿಸುವವರು ಕೆಸರಿಗೆ ಹುಲ್ಲು, ಹೊಟ್ಟು ಹಾಕಿ ತುಳಿಯುವುದು ಯಾಕೆಂದು ನಮ್ಮ ಹಳ್ಳಿಯ ಯಾರನ್ನು ಕೇಳಿದರೂ ಹೇಳುತ್ತಾರೆ. ಬರಿಯ ಮಣ್ಣು ಒಣಗಿದರೆ ಬಿರಿಯುತ್ತದೆ. ನಾರಿದ್ದರೆ ಹಿಡಿದುಕೊಳ್ಳುತ್ತದೆ.

ಇಂದು ಬ್ರೆಜಿಲ್, ಮಲೇಷ್ಯಾ, ಚೀನಾ, ಭಾರತದ ದಂತವಿಜ್ಞಾನದ ಪ್ರಯೋಗಾಲಯಗಳಲ್ಲಿ ಇದೇ ಹಳ್ಳಿಯ ಲೆಕ್ಕ ಹೊಸ ರೂಪದಲ್ಲಿ ನಡೆದಿದೆ. ಹಲ್ಲಿಗೆ ತುಂಬುವ ಸಿಮೆಂಟು, ಕಟ್ಟಿಸುವ ಹಲ್ಲಿನ ಸೆಟ್ಟು, ಹಲ್ಲಿನ ಬಣ್ಣದ ರಾಳ, ಇವುಗಳಿಗೆ ಸೆಣಬು, ಕತ್ತಾಳೆ, ಬಾಳೆ, ತೆಂಗು, ಪುಂಡಿ, ರೇಷ್ಮೆಗಳ ನಾರು ಬೆರೆಸಿದರೆ ಬಾಳಿಕೆ ಹೆಚ್ಚುತ್ತದೆಯೇ ಎಂಬ ಹುಡುಕಾಟ ಅದು.

ಹಲ್ಲೇ ಒಂದು ನಾರಿನ ಕಟ್ಟಡ

ಹಲ್ಲು ನೋಡಲು ಕಲ್ಲಿನಂತಿದೆ. ಮೇಲ್ಗಡೆಯ ಬಿಳಿ ಹೊದಿಕೆಯಾದ ಎನಾಮೆಲ್ ತೂಕದ ಲೆಕ್ಕದಲ್ಲಿ ಶೇ. 96ರಷ್ಟು ಖನಿಜವೇ. ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಬೇರೊಂದಿಲ್ಲ. ಆದರೆ ಬರೀ ಗಟ್ಟಿತನದಿಂದ ಹಲ್ಲು ಎಪ್ಪತ್ತು ವರ್ಷ ಜೋಳದ ರೊಟ್ಟಿ, ಹುರಿಗಡಲೆ ಅಗಿಯಲಾರದು. ಗುಟ್ಟು ಇರುವುದು ಎನಾಮೆಲಿನ ಅಡಿಯ ಡೆಂಟಿನ್‌ನಲ್ಲಿ. ಅದರಲ್ಲಿ ಸುಮಾರು ಶೇ. 70 ಖನಿಜ, ಶೇ. 20 ಜೈವಿಕ ವಸ್ತು, ಉಳಿದ ಶೇ. 10 ನೀರು. ಆ ಜೈವಿಕ ವಸ್ತುವಿನ ಬಹುಪಾಲು ಕೊಲಾಜೆನ್ ಎಂಬ ಪ್ರೋಟೀನಿನ ನಾರು. ಕಣ್ಣಿಗೆ ಕಾಣದಷ್ಟು ತೆಳುವಾದ ಆ ನಾರುಗಳ ಬಲೆಯೊಳಗೆ ಖನಿಜದ ಹರಳುಗಳು ಕೂತಿವೆ. ಎನಾಮೆಲಿನಲ್ಲಿ ಹುಟ್ಟಿದ ಬಿರುಕು ಕೆಳಗಿಳಿಯುವಾಗ ಈ ಭಾಗಕ್ಕೆ ಬಂದು ನಿಲ್ಲುತ್ತದೆ.

ಇದನ್ನು ಕಾಣಲು ಸೂಕ್ಷ್ಮದರ್ಶಕ ಬೇಡ. ಸೀಮೆಸುಣ್ಣದ ಕಡ್ಡಿಯನ್ನು ಬಗ್ಗಿಸಿ, ಚಕ್ಕೆಂದು ಎರಡು ತುಂಡಾಗುತ್ತದೆ. ಕಬ್ಬಿನ ಜಲ್ಲೆಯನ್ನು ಮೊಣಕಾಲಿಗೆ ಕೊಟ್ಟು ಮುರಿಯಿರಿ, ಲಟಕ್ಕೆಂದು ಸದ್ದಾದರೂ ತುಂಡು ಬೇರೆಯಾಗುವುದಿಲ್ಲ. ನಾರುಗಳು ಎರಡೂ ಕಡೆಯನ್ನು ಹಿಡಿದುಕೊಂಡಿರುತ್ತವೆ. ತಿರುಚಿ ಎಳೆದರಷ್ಟೇ ಕೈಗೆ ಬರುತ್ತದೆ. ಬಿರುಕು ಓಡಬೇಕೆಂದರೆ ಒಂದೊಂದು ನಾರನ್ನೂ ಕಡಿಯಬೇಕು, ಇಲ್ಲವೇ ಅದು ನೆಟ್ಟ ಜಾಗದಿಂದ ಕಿತ್ತು ಹೊರಗೆಳೆಯಬೇಕು. ಎರಡಕ್ಕೂ ಬಲ ಖರ್ಚಾಗುತ್ತದೆ. ಆ ಖರ್ಚಿನಲ್ಲೇ ಬಿರುಕು ಸುಸ್ತಾಗುತ್ತದೆ.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರಿಗೆ ಇದು ತಲೆಮಾರುಗಳಿಂದ ಗೊತ್ತು. ಹಗುರ ಮರದ ತುಂಡುಗಳನ್ನು ಜೋಡಿಸಿ ಗೊಂಬೆ ಮಾಡುವಾಗ ಅವರು 'ಕಿಟ್ಟ' ಎಂಬ ಕಣಕವನ್ನು ಬಳಸುತ್ತಾರೆ. ಗೋಣಿಚಿಂದಿಯನ್ನು ನೆನೆಹಾಕಿ, ಸಣ್ಣಗೆ ಸೀಳಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟಿನ ಜೊತೆ ಹುಣಸೆಬೀಜದ ಅಂಟಿನಲ್ಲಿ ಕಲಸಿದರೆ ಕಿಟ್ಟ ಸಿದ್ಧ. ದಂತವೈದ್ಯರ ಭಾಷೆಗೆ ತಂದರೆ ಹುಣಸೆ ಅಂಟು ರಾಳದ ಜಾಗದಲ್ಲಿದೆ, ಮರದ ಹೊಟ್ಟು ಪುಡಿಯ ಜಾಗದಲ್ಲಿದೆ, ಗೋಣಿಯ ಎಳೆ ನಾರಿನ ಜಾಗದಲ್ಲಿದೆ. ಹಲ್ಲಿಗೆ ತುಂಬುವ ಇಂದಿನ ಯಾವ ಮಿಶ್ರಣವನ್ನು ತೆಗೆದುಕೊಂಡರೂ ಲೆಕ್ಕ ಇಷ್ಟೇ: ಹಿಡಿದಿಡಲು ಅಂಟು, ಗಟ್ಟಿತನಕ್ಕೆ ಪುಡಿ, ಬಿರುಕಿನ ದಾರಿಗೆ ಅಡ್ಡಲಾಗಿ ನಾರು. ಆದರೆ ಮೂರನೆಯ ಜಾಗ ಬಹಳಷ್ಟು ಮಿಶ್ರಣಗಳಲ್ಲಿ ಖಾಲಿಯೇ ಇದೆ.

ಬೆಳ್ಳಿಯಿಂದ ಸಿಮೆಂಟಿಗೆ

ಹಳಬರ ಬಾಯಲ್ಲಿ ಈಗಲೂ ಕಾಣುವ ಬೂದುಬಣ್ಣದ 'ಬೆಳ್ಳಿ' ತುಂಬಿಕೆ ನಿಜಕ್ಕೂ ಅಮಾಲ್ಗಮ್. ಅದರ ತೂಕದ ಹೆಚ್ಚುಕಡಿಮೆ ಅರ್ಧ ಪಾದರಸ. ಉಳಿದದ್ದು ಬೆಳ್ಳಿ, ತವರ, ತಾಮ್ರದ ಪುಡಿ. ಗಟ್ಟಿ, ಅಗ್ಗ, ಬಾಳಿಕೆಯೂ ಹೆಚ್ಚು. ಆದರೆ ಪಾದರಸ ಪರಿಸರಕ್ಕೆ ಸೇರಬಾರದೆಂದು 2013ರಲ್ಲಿ ಅಂಗೀಕಾರವಾದ ಮಿನಮಾಟ ಒಪ್ಪಂದ 2017ರಿಂದ ಜಾರಿಗೆ ಬಂತು. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜನವರಿ 1ರಿಂದ, ಅನಿವಾರ್ಯ ಸಂದರ್ಭ ಬಿಟ್ಟರೆ, ಹಲ್ಲಿಗೆ ಅಮಾಲ್ಗಮ್ ತುಂಬುವಂತಿಲ್ಲ. ಹೀಗೆ ಹಳೆಯ ಆಳು ಕೆಲಸ ಬಿಡುತ್ತಿರುವಾಗ ಅವನಷ್ಟು ಗಟ್ಟಿಯಾದ ಹೊಸ ಆಳು ಬೇಕಾಗಿದ್ದಾನೆ.

ಇರುವವರು ಇಬ್ಬರು. ಮೊದಲನೆಯದು ಹಲ್ಲಿನ ಬಣ್ಣದ ಕಾಂಪೊಸಿಟ್. ಅಮೆರಿಕದ ರಫೇಲ್ ಬೋವೆನ್ 1962ರಲ್ಲಿ ಪೇಟೆಂಟ್ ಪಡೆದ ಬಿಸ್-ಜಿಎಂಎ ಎಂಬ ರಾಳ ಇದರ ಮೂಲ. ಇಂದಿನ ಕಾಂಪೊಸಿಟ್‌ಗಳಲ್ಲಿ ತೂಕದ ಶೇ. 70-80ರಷ್ಟು ಗಾಜು, ಸಿಲಿಕಾದಂಥ ನುಣುಪು ಪುಡಿಯೇ ಇರುತ್ತದೆ. ವೈದ್ಯರು ನೀಲಿ ದೀಪ ಹಿಡಿದಾಗ ರಾಳ ಗಟ್ಟಿಯಾಗುತ್ತದೆ, ಜೊತೆಗೆ ಒಂದಿಷ್ಟು ಕುಗ್ಗುತ್ತದೆ. ಸಣ್ಣ ತೂತಿಗೆ ಇದು ಚೆನ್ನ. ಅಗಿಯುವ ದವಡೆಹಲ್ಲಿನ ಅರ್ಧಭಾಗವೇ ಹೋಗಿದ್ದರೆ ಬಿರಿಯುವ ಭಯವಿದೆ.

ಎರಡನೆಯದು ನಮ್ಮ ಜನ 'ಹಲ್ಲಿಗೆ ಸಿಮೆಂಟ್ ಹಾಕಿಸಿದೆ' ಎನ್ನುವಾಗ ಬಹಳ ಸಲ ಹೇಳುವ ಗ್ಲಾಸ್ ಅಯೊನೊಮರ್. ಲಂಡನ್ನಿನ ಸರ್ಕಾರಿ ರಸಾಯನಶಾಸ್ತ್ರಜ್ಞರ ಪ್ರಯೋಗಾಲಯದಲ್ಲಿ ಅಲನ್ ವಿಲ್ಸನ್ ಮತ್ತು ಬ್ರಯನ್ ಕೆಂಟ್ ರೂಪಿಸಿದ ಈ ಸಿಮೆಂಟಿನ ವಿವರ 1972ರಲ್ಲಿ ಬಂತು. ಇದು ಹಲ್ಲಿನ ಕ್ಯಾಲ್ಸಿಯಂ ಜೊತೆ ತಾನೇ ಬೆಸೆದುಕೊಳ್ಳುತ್ತದೆ, ನಿಧಾನವಾಗಿ ಫ್ಲೋರೈಡ್ ಬಿಡುತ್ತದೆ, ದೀಪವೂ ಬೇಡ, ಕರೆಂಟೂ ಬೇಡ. ಕೈ ಉಪಕರಣದಿಂದಲೇ ಹುಳುಕು ಕೆರೆದು ಇದನ್ನು ತುಂಬುವ ವಿಧಾನ 1980ರ ದಶಕದ ನಡುವೆ ತಾಂಜಾನಿಯಾದಲ್ಲಿ ಶುರುವಾಗಿ, 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲ ಪಡೆಯಿತು. ವಿದ್ಯುತ್ತಿಲ್ಲದ ಹಳ್ಳಿಯ ಶಾಲೆಯಲ್ಲೂ ನಡೆಯುವ ಚಿಕಿತ್ಸೆ ಅದು. ಆದರೆ ಈ ಸಿಮೆಂಟು ಸೀಮೆಸುಣ್ಣದ ಜಾತಿಯದು. ಒತ್ತಿದರೆ ತಾಳುತ್ತದೆ, ಎಳೆದರೆ, ಬಗ್ಗಿಸಿದರೆ ಬಿರಿಯುತ್ತದೆ.

ನಾರಿಗೆ ಮೂರನೆಯ ಗಿರಾಕಿ ಹಲ್ಲಿನ ಸೆಟ್ಟು. ಹಿಂದೆ ಗಟ್ಟಿಮಾಡಿದ ರಬ್ಬರಿನಿಂದ ಒಸಡಿನ ಭಾಗ ಮಾಡುತ್ತಿದ್ದರು. 1930ರ ದಶಕದ ಕೊನೆಯಲ್ಲಿ ಅಕ್ರಿಲಿಕ್ ಬಂತು, ಈಗಲೂ ಅದೇ ನಡೆದಿದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನಲ್ಲಿ 60 ದಾಟಿದವರ ಪೈಕಿ ಶೇ. 23ರಷ್ಟು ಜನರಿಗೆ ಒಂದೂ ಹಲ್ಲಿಲ್ಲ. ಇವರ ಆಸರೆ ಆ ಗುಲಾಬಿ ಬಣ್ಣದ ಪಟ್ಟಿ. ಬಚ್ಚಲಲ್ಲಿ ತೊಳೆಯುವಾಗ ಕೈಜಾರಿದರೆ ಸರಿಯಾಗಿ ನಡುವಿನಲ್ಲಿ ಸೀಳುತ್ತದೆ. ಅಜ್ಜ ಒಂದು ವಾರ ಗಂಜಿ ಕುಡಿಯಬೇಕಾಗುತ್ತದೆ.

ಗಾಜಿನ ನಾರು ಮೊದಲೇ ಬಂದಿದೆ

ನಾರು ಹಾಕುವ ವಿದ್ಯೆ ಹಲ್ಲಿನ ಆಸ್ಪತ್ರೆಗೆ ಹೊಸದಲ್ಲ, ಅದು ಗಾಜಿನ ನಾರು ಅಷ್ಟೆ. ರೂಟ್ ಕೆನಾಲ್ ಆದ ಮೇಲೆ ಹಲ್ಲಿನ ಬೇರಿನೊಳಗೆ ನಿಲ್ಲಿಸುವ ಕಡ್ಡಿ ಮೊದಲು ಲೋಹದ್ದಿರುತ್ತಿತ್ತು. ಉಕ್ಕು ಡೆಂಟಿನ್‌ಗಿಂತ ಸುಮಾರು ಹತ್ತು ಪಟ್ಟು ಬಿಗಿ. ಅಗಿಯುವ ಒತ್ತಡ ಬಿದ್ದಾಗ ಡೆಂಟಿನ್ ತುಸು ಬಾಗುತ್ತದೆ, ಲೋಹ ಬಾಗುವುದಿಲ್ಲ. ಕೊನೆಗೆ ಬೇರೇ ಸೀಳುವ ಅಪಾಯ. ಗಾಜಿನ ನಾರಿನ ಕಡ್ಡಿ ಬಾಗುವಲ್ಲಿ ಡೆಂಟಿನ್‌ಗೆ ಹತ್ತಿರ. ದೊಡ್ಡ ತೂತಿನ ತಳಕ್ಕೆ ಹಾಕಲು ಚೂರು ಗಾಜಿನ ನಾರು ಬೆರೆಸಿದ ಕಾಂಪೊಸಿಟ್‌ಗಳೂ ಮಾರುಕಟ್ಟೆಯಲ್ಲಿವೆ.

ಹಾಗಿದ್ದರೆ ಗಿಡದ ನಾರು ಯಾಕೆ? ಮೊದಲ ಕಾರಣ ತೂಕ. ಒಂದು ಘನ ಸೆಂಟಿಮೀಟರ್ ಗಾಜು ಸುಮಾರು ಎರಡೂವರೆ ಗ್ರಾಂ ತೂಗಿದರೆ ಗಿಡದ ನಾರಿನ ಮೂಲವಸ್ತುವಾದ ಸೆಲ್ಯುಲೋಸ್ ಅಷ್ಟೇ ಅಳತೆಗೆ ಒಂದೂವರೆ ಗ್ರಾಂ. ಮೇಲ್ದವಡೆಯ ಸೆಟ್ಟು ಕೆಳಗೆ ಜಾರದಿರಲು ಪ್ರತಿ ಗ್ರಾಮೂ ಲೆಕ್ಕಕ್ಕೆ ಬರುತ್ತದೆ. ಎರಡನೆಯದು, ಗಾಜು ಕಾಯಿಸಲು ಕುಲುಮೆಯ ಉರಿ ಬೇಕು, ಕತ್ತಾಳೆಗೆ ಬದುವಿನ ಅಂಚು ಸಾಕು. ಮೂರನೆಯದು ಬೆಲೆ. ನಾಲ್ಕನೆಯದು ಅಚ್ಚರಿಯದು: ಗಿಡದ ನಾರಿನ ಒಳಗಿರುವ ಸೆಲ್ಯುಲೋಸ್ ಹರಳನ್ನು ಒಂಟಿಯಾಗಿ ಹೊರತೆಗೆದರೆ ಅದರ ಬಿಗಿ ಗಾಜಿನ ನಾರನ್ನೂ ಮೀರುತ್ತದೆ.

ಆದರೆ ನಾರೆಂದರೆ ಎಲ್ಲವೂ ಒಂದೇ ಅಲ್ಲ. ತೆಂಗಿನ ನಾರಿನಲ್ಲಿ ಲಿಗ್ನಿನ್ ಎಂಬ ಗಡುಸು ವಸ್ತು ಹೇರಳ, ಸುಮಾರು ಶೇ. 40; ಹಾಗಾಗಿ ಅದು ಕೊಳೆಯುವುದು ನಿಧಾನ, ಹಿಗ್ಗುವುದು ಹೆಚ್ಚು, ಬಿಗಿ ಕಡಿಮೆ. ಬಾವಿಯ ಹಗ್ಗಕ್ಕೆ ಅದೇ ಸರಿ. ಸೆಣಬು, ಅಗಸೆ, ರಾಮಿಗಳಲ್ಲಿ ಸೆಲ್ಯುಲೋಸ್ ಜಾಸ್ತಿ, ಬಿಗಿಯೂ ಜಾಸ್ತಿ. ಉತ್ತರ ಕರ್ನಾಟಕದಲ್ಲಿ ಎಲೆಯನ್ನು ಪಲ್ಯ ಮಾಡಿ ತಿನ್ನುವ ಪುಂಡಿಯ ಕಾಂಡದಲ್ಲೂ ಇಂಥದೇ ನಾರಿದೆ. ರೇಷ್ಮೆಯದು ಬೇರೆಯೇ ಕುಲ, ಕೊಲಾಜೆನ್‌ನಂತೆ ಅದೂ ಪ್ರೋಟೀನು. ಹಲ್ಲು ಕಿತ್ತ ಮೇಲೆ ಒಸಡಿಗೆ ಹೊಲಿಗೆ ಹಾಕುವ ಕಪ್ಪು ದಾರ ಬಹಳ ಸಲ ರೇಷ್ಮೆಯದೇ, ಆದ್ದರಿಂದ ಬಾಯಿಗೆ ಅದು ಅಪರಿಚಿತವೇನಲ್ಲ.

ಫಲ ಸಿಕ್ಕಿದ್ದೆಲ್ಲಿ, ಸೋತದ್ದೆಲ್ಲಿ

ರಾಮಿ ಗಿಡದ ಚೂರುನಾರನ್ನು ಸೆಟ್ಟಿನ ಅಕ್ರಿಲಿಕ್‌ಗೆ ಬೆರೆಸಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಬಿಗಿ ಹೆಚ್ಚಿತು, ಬಾಗಿಸಿದರೆ ಮುರಿಯದೆ ತಾಳುವ ಶಕ್ತಿ ಮಾತ್ರ ಇಳಿಯಿತು. ನಾರು ಹಾಕಿದರೆ ಬಲ ತಾನಾಗಿ ಬರುತ್ತದೆ ಎಂದುಕೊಂಡವರಿಗೆ ಇದೊಂದು ಪಾಠ. ನಾರು ಮತ್ತು ರಾಳದ ನಡುವೆ ಹಿಡಿತ ಕೂಡದಿದ್ದರೆ ಆ ನಾರು ಆಸರೆಯ ಬದಲು ಒಳಗೊಂದು ಸಣ್ಣ ಸಂದಿಯಾಗುತ್ತದೆ. ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಇನ್ನೊಂದು ತುದಿಯಲ್ಲಿ ಬ್ರೆಜಿಲ್‌ನ ತಂಡವೊಂದು 2016ರಲ್ಲಿ ಪ್ರಕಟಿಸಿದ ಫಲಿತಾಂಶವಿದೆ. ಅವರು ನಾರನ್ನು ಹಾಗೇ ಹಾಕಲಿಲ್ಲ. ಸೆಲ್ಯುಲೋಸನ್ನು ನ್ಯಾನೊ ಹರಳುಗಳಾಗಿಸಿ ಬಹಳ ಸಣ್ಣ ಪ್ರಮಾಣದಲ್ಲಿ ಗ್ಲಾಸ್ ಅಯೊನೊಮರ್ ಸಿಮೆಂಟಿಗೆ ಬೆರೆಸಿದರು. ಒತ್ತಡ ತಾಳುವ ಶಕ್ತಿ ಶೇ. 110ರಷ್ಟು ಹೆಚ್ಚಿತು, ಅಂದರೆ ಮೊದಲಿನ ಎರಡು ಪಟ್ಟಿಗೂ ಮೀರಿತು. ಎಳೆತ ತಾಳುವ ಶಕ್ತಿ ಶೇ. 53ರಷ್ಟು ಏರಿತು. ಈ ಸಿಮೆಂಟು ನೀರಿನಲ್ಲೇ ಗಟ್ಟಿಯಾಗುವಂಥದು, ಸೆಲ್ಯುಲೋಸ್ ಕೂಡ ನೀರನ್ನು ಪ್ರೀತಿಸುವ ವಸ್ತು. ಎಣ್ಣೆಯ ಸ್ವಭಾವದ ರಾಳದೊಂದಿಗೆ ಒಗ್ಗದ ನಾರು ಇಲ್ಲಿ ಸಲೀಸಾಗಿ ಹೊಂದಿಕೊಂಡಿತು.

ಮಲೇಷ್ಯಾದ ಯೂನಿವರ್ಸಿಟಿ ಸೈನ್ಸ್ ಮಲೇಷ್ಯಾದವರು ಹಿಡಿದ ದಾರಿ ಬೇರೆ. ಭತ್ತದ ಹೊಟ್ಟನ್ನು ಸುಟ್ಟರೆ ಉಳಿಯುವ ಬೂದಿಯ ಬಹುಪಾಲು ಸಿಲಿಕಾ. ಕಾಂಪೊಸಿಟ್‌ಗೆ ಬೇಕಾದ ಪುಡಿಯೂ ಸಿಲಿಕಾವೇ. ಹೊಟ್ಟಿನಿಂದ ಸಿಲಿಕಾ ತೆಗೆದು ಅವರು ಹಲ್ಲು ತುಂಬುವ ಕಾಂಪೊಸಿಟ್ ರೂಪಿಸಿದ್ದಾರೆ. ಕಿನ್ನಾಳವಿರುವ ಕೊಪ್ಪಳ ಜಿಲ್ಲೆಯಲ್ಲೇ ಭತ್ತದ ಕಣಜ ಗಂಗಾವತಿಯೂ ಇದೆ. ಅಕ್ಕಿ ಗಿರಣಿಗಳ ಹಿಂದೆ ರಾಶಿ ಬೀಳುವ ಹೊಟ್ಟಿಗೆ ಬಾಯ್ಲರಿನ ಒಲೆಯಾಚೆ ಇಂಥ ದಾರಿಯೂ ಇದೆಯೆಂದು ಅಲ್ಲಿ ನಿಂತು ನೋಡುವವರಿಗೆ ಹೊಳೆಯುವುದು ಕಷ್ಟ.

ನೀರೆಂಬ ಕಾಟ

ಹೂವಿನ ಜೊತೆ ನಾರೂ ಸ್ವರ್ಗ ಸೇರಿತು ಎಂಬ ಮಾತಿದೆ. ಬಾಯೊಳಗೆ ನಾರಿಗೆ ಆ ರಿಯಾಯಿತಿ ಸಿಗುವುದಿಲ್ಲ, ಅದು ತನ್ನ ಯೋಗ್ಯತೆಯಿಂದಲೇ ನಿಲ್ಲಬೇಕು.

ಬಾಯಿ ಹಗಲೂ ರಾತ್ರಿಯೂ ಒದ್ದೆ. ಗಿಡದ ನಾರಿನ ಮೈತುಂಬ ನೀರನ್ನು ಕರೆಯುವ ರಾಸಾಯನಿಕ ಕೊಂಡಿಗಳಿವೆ. ಜೊಲ್ಲು ಒಳಸೇರಿದರೆ ನಾರು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಉಬ್ಬಿ ಕುಗ್ಗಿ ರಾಳದಿಂದ ಬಿಡಿಸಿಕೊಳ್ಳುತ್ತದೆ. ಬಿಸಿ ಕಾಫಿ, ಅದರ ಹಿಂದೆಯೇ ತಣ್ಣೀರು, ಹುಳಿ ಸಾರು, ರಾತ್ರಿ ಹಲ್ಲು ಕಡಿಯುವ ಅಭ್ಯಾಸ, ಇಷ್ಟೂ ಸೇರಿದರೆ ಒಣ ಪ್ರಯೋಗಾಲಯದ ಅಂಕಿ ಬಾಯಿಯಲ್ಲಿ ಉಳಿಯುವುದಿಲ್ಲ. ಬಿಡಿಸಿಕೊಂಡ ಸಂದಿಯಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿದರೆ ಹಳೆಯ ಹುಳುಕು ಹೊಸ ದಾರಿಯಿಂದ ಮತ್ತೆ ಬರುತ್ತದೆ.

ಆದ್ದರಿಂದ ಮುಕ್ಕಾಲು ಸಂಶೋಧನೆ ನಾರಿನ ಮೈ ತೊಳೆಯುವುದರಲ್ಲೇ ಕಳೆಯುತ್ತದೆ. ಕಾಸ್ಟಿಕ್ ಸೋಡಾದಲ್ಲಿ ನೆನೆಸಿದರೆ ಮೇಣ, ಲಿಗ್ನಿನ್ ಕಳಚಿ ಮೈ ಒರಟಾಗುತ್ತದೆ, ರಾಳ ಹಿಡಿಯಲು ಜಾಗ ಸಿಗುತ್ತದೆ. ಹತ್ತಿಬಟ್ಟೆಗೆ ಇದೇ ಉಪಚಾರ ಮಾಡಿ ಇಂಗ್ಲೆಂಡಿನ ಜಾನ್ ಮರ್ಸರ್ 1850ರಲ್ಲೇ ಪೇಟೆಂಟ್ ಪಡೆದಿದ್ದ. ಆಮೇಲೆ ಸೈಲೇನ್ ಲೇಪ. ಅದರ ಒಂದು ಕೈ ನಾರನ್ನು ಹಿಡಿದರೆ ಇನ್ನೊಂದು ಕೈ ರಾಳವನ್ನು ಹಿಡಿಯುತ್ತದೆ. ಬೋವೆನ್‌ನ ಕಾಂಪೊಸಿಟ್ ಗೆದ್ದದ್ದೂ ಸಿಲಿಕಾ ಪುಡಿಗೆ ಹಚ್ಚಿದ ಇದೇ ಲೇಪದ ಬಲದಿಂದ. ನ್ಯಾನೊ ಹರಳು ಬೇಕೆಂದರೆ ಸಾಮಾನ್ಯವಾಗಿ ಗಂಧಕಾಮ್ಲದಲ್ಲಿ ಮೆತ್ತನೆಯ ಭಾಗವನ್ನು ಕರಗಿಸಿ ಗಟ್ಟಿ ಹರಳನ್ನಷ್ಟೇ ಉಳಿಸಿಕೊಳ್ಳುತ್ತಾರೆ. ರೇಷ್ಮೆಯ ಸೆರಿಸಿನ್ ಎಂಬ ಅಂಟನ್ನು ಕುದಿಸಿ ತೆಗೆಯುವುದು ನೂಲು ಬಿಚ್ಚುವ ಊರುಗಳಿಗೆ ಗೊತ್ತಿರುವ ಕೆಲಸವೇ.

ಇಷ್ಟಾದರೂ ತೊಡಕು ಮುಗಿಯುವುದಿಲ್ಲ. ನಾರಿನ ಕಂದು ಬಣ್ಣ ಮುಂಬಲ್ಲಿಗೆ ಒಪ್ಪುವುದಿಲ್ಲ. ನೀಲಿ ದೀಪದ ಬೆಳಕನ್ನು ನಾರು ತಡೆದರೆ ತಳದ ರಾಳ ಹಸಿಯಾಗಿಯೇ ಉಳಿಯುತ್ತದೆ. ಎಕ್ಸ್‌ರೇ ತೆಗೆದರೆ ಸೆಲ್ಯುಲೋಸ್ ಕಾಣುವುದಿಲ್ಲ. ತುಂಬಿಕೆ ಯಾವುದು, ಹೊಸ ಹುಳುಕು ಯಾವುದು ಎಂದು ವೈದ್ಯರಿಗೆ ತಿಳಿಯಲು ಬೇರೆ ಪುಡಿ ಸೇರಿಸಬೇಕು. ನಾರು ಹೆಚ್ಚಾದರೆ ಮಿಶ್ರಣ ಮುದ್ದೆಗಟ್ಟಿ ಒಳಗೆ ಗಾಳಿಗುಳ್ಳೆ ಉಳಿಯುತ್ತದೆ. ಎಲ್ಲಕ್ಕಿಂತ ದೊಡ್ಡದು ಬೆಳೆಯ ಗುಣ. ಮಳೆ ಚೆನ್ನಾಗಿ ಬಿದ್ದ ವರ್ಷದ ಸೆಣಬಿಗೂ ಬರದ ವರ್ಷದ ಸೆಣಬಿಗೂ ವ್ಯತ್ಯಾಸವಿದೆ. ಗೋಣಿಚೀಲಕ್ಕೆ ಅದು ನಡೆಯುತ್ತದೆ, ಹಲ್ಲಿಗೆ ನಡೆಯದು.

ಪರೀಕ್ಷೆಯ ಮೆಟ್ಟಿಲು

ಹಲ್ಲಿನ ವಸ್ತುವಿಗೆ ಅಂತರರಾಷ್ಟ್ರೀಯ ಅಳತೆಗಳಿವೆ. ಅಗಿಯುವ ಮೇಲ್ಮೈಗೆ ಹಾಕುವ ಕಾಂಪೊಸಿಟ್‌ನ ಸಣ್ಣ ಪಟ್ಟಿಯನ್ನು 37 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ದಿನ ಇಟ್ಟು, ಎರಡು ಆಸರೆಗಳ ಮೇಲೆ ಮಲಗಿಸಿ ನಡುವೆ ಒತ್ತುತ್ತಾರೆ. ಅದು ಕನಿಷ್ಠ 80 ಮೆಗಾಪ್ಯಾಸ್ಕಲ್ ತಾಳಬೇಕು. ಸೆಟ್ಟಿನ ಸಾಮಾನ್ಯ ಅಕ್ರಿಲಿಕ್‌ಗೆ 65 ಸಾಕು. ಇದು ಮೊದಲ ಮೆಟ್ಟಿಲು ಮಾತ್ರ. ಬಿಸಿ ತಣ್ಣನೆಯ ನೀರಿನಲ್ಲಿ ಸಾವಿರಾರು ಸಲ ಅದ್ದಿ ತೆಗೆಯುವುದು, ಜೀವಕೋಶಗಳ ಮೇಲೆ ಇಟ್ಟು ವಿಷವಿದೆಯೇ ನೋಡುವುದು, ಪ್ರಾಣಿಗಳಲ್ಲಿ, ಆಮೇಲೆ ಜನರ ಬಾಯಲ್ಲಿ ವರ್ಷಗಟ್ಟಲೆ ಗಮನಿಸುವುದು ಮುಂದಿನ ಮೆಟ್ಟಿಲುಗಳು. ಭಾರತದಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮದಡಿ ಇಂಥ ವಸ್ತುವಿಗೆ ಪರವಾನಗಿಯೂ ಬೇಕು.

ಗಿಡದ ನಾರಿನ ಬಹುತೇಕ ಅಧ್ಯಯನಗಳು ಕೆಳಗಿನ ಮೆಟ್ಟಿಲುಗಳಲ್ಲೇ ಇವೆ. ಹಾಗಾಗಿ 'ನೈಸರ್ಗಿಕ' ಎಂಬ ಪದ ಕೇಳಿದೊಡನೆ ಮನಸ್ಸು ಕರಗಬೇಕಾಗಿಲ್ಲ. ಗದ್ದೆಯಿಂದ ಬಂದ ನಾರು ಕಾಸ್ಟಿಕ್ ಸೋಡಾ, ಆಮ್ಲ, ಸೈಲೇನ್ ದಾಟಿ ರಾಳದಲ್ಲಿ ಮುಳುಗಿದ ಮೇಲೆ ಅದು ಅಜ್ಜಿಯ ಮನೆಮದ್ದಾಗಿ ಉಳಿದಿರುವುದಿಲ್ಲ. ಕಾರ್ಖಾನೆಯ ವಸ್ತುವಾಗಿರುತ್ತದೆ, ಕಾರ್ಖಾನೆಯ ವಸ್ತುವಿಗಿರುವ ಪರೀಕ್ಷೆಗಳನ್ನೇ ಪಾಸಾಗಬೇಕು.

ಇಷ್ಟು ನೋಡಿದ ಮೇಲೆ ಒಂದು ಅಂದಾಜಿಗೆ ಬರಬಹುದು. ದವಡೆಹಲ್ಲಿನ ಕಾಂಪೊಸಿಟ್‌ನಲ್ಲಿ ಗಾಜನ್ನು ಕದಲಿಸುವುದು ಗಿಡದ ನಾರಿಗೆ ಕಷ್ಟ. ಸೆಟ್ಟಿನ ಅಕ್ರಿಲಿಕ್‌ನಲ್ಲಿ ಜಾಗವಿದೆ, ಹಿಡಿತದ ಸಮಸ್ಯೆ ಬಗೆಹರಿಯಬೇಕು. ಎಲ್ಲಕ್ಕಿಂತ ಹೆಚ್ಚು ಭರವಸೆ ಇರುವುದು ಅಗ್ಗದ ಗ್ಲಾಸ್ ಅಯೊನೊಮರ್ ಸಿಮೆಂಟಿನಲ್ಲಿ. ಆ ಸಿಮೆಂಟು ನೀರಿನಲ್ಲೇ ಗಟ್ಟಿಯಾಗುವಂಥದು, ಮೇಲಾಗಿ ಬಡವರ ಹಲ್ಲಿಗೆ ಸಿಗುವುದು ಅದೇ. ಜಗತ್ತಿನಲ್ಲಿ ಹೆಚ್ಚುಕಡಿಮೆ 200 ಕೋಟಿ ಜನರ ಶಾಶ್ವತ ಹಲ್ಲಿನಲ್ಲಿ ಹುಳುಕಿದೆ. ಕರೆಂಟು, ದೀಪ, ಕುರ್ಚಿ ಯಾವುದೂ ಇಲ್ಲದ ಊರಿನ ಶಾಲೆಯ ಜಗಲಿಯಲ್ಲಿ ತುಂಬಿದ ಸಿಮೆಂಟು ಎರಡು ವರ್ಷದ ಬದಲು ನಾಲ್ಕು ವರ್ಷ ನಿಂತರೆ, ಅಷ್ಟರಮಟ್ಟಿಗೆ ನಾರು ತನ್ನ ಕೆಲಸ ಮಾಡಿದಂತೆ.

ಅಲ್ಲಿಯವರೆಗೆ ಓದುಗರು ಮಾಡಬಹುದಾದದ್ದು ಒಂದಿದೆ. ನಾರಿನ ಆಸರೆ ಬೇಕಾಗುವುದು ದೊಡ್ಡ ತೂತಿಗೆ. ಹಲ್ಲಿನ ಮೇಲೆ ಕಪ್ಪು ಚುಕ್ಕೆ ಕಂಡಾಗಲೇ ವೈದ್ಯರಿಗೆ ತೋರಿಸಿ ತುಂಬಿಸಿಕೊಳ್ಳಿ. ಸಣ್ಣ ತೂತಿಗೆ ಈಗ ಸಿಗುವ ಸಿಮೆಂಟೇ ಸಾಕು.